ಹೇಳದೆ ಬಿಟ್ಟ ಪೆಟ್ರೋಲಿನ ವಾಸನೆ

ಡಯಾಲಿಸಿಸ್ಸಿಗೆ ನಾಲ್ಕು ತಾಸು ಹಿಡಿಯುತ್ತದೆ. ನಮ್ಮ ಗಾಡಿಯ ರೋಗ ಹೊರಬೀಳಲಿಕ್ಕೂ ಸುಮಾರು ಅಷ್ಟೇ ಹೊತ್ತು ಬೇಕಾಗಿತ್ತು. ಇದು ನನ್ನ ತಲೆಗೆ ಹೊಳೆಯಲು ಮೂರು ವಾರ ಬೇಕಾಯಿತು.

ಮೊದಲ ಸಲ ಗಾಡಿ ಕೈಕೊಟ್ಟಿದ್ದು ಮಡಗಾಂವಿನಲ್ಲಿ, ಆಸ್ಪತ್ರೆಯ ಹಿಂದಿನ ಪಾರ್ಕಿಂಗಿನಲ್ಲಿ, ಒಂದು ಬುಧವಾರ. ಹನ್ನೊಂದೂವರೆಯ ಬಿಸಿಲು. ನಮ್ಮ ಮನೆಯವರು ಸೂಜಿ ತೆಗೆದ ಎಡಗೈಯನ್ನು ಎದೆಗೆ ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಒರಗಿದ್ದರು. ಡಯಾಲಿಸಿಸ್ ಮುಗಿದ ಮೇಲೆ ಅವರ ಮುಖಕ್ಕೆ ನೀರಲ್ಲಿ ನೆನೆಸಿಟ್ಟ ಕಾಗದದ ಬಣ್ಣ ಬರುತ್ತದೆ. ನಾನು ಚಾವಿ ತಿರುಗಿಸಿದೆ. ಇಂಜಿನ್ ತಿರುಗುತ್ತಲೇ ಇತ್ತು, ಹಿಡಿಯಲಿಲ್ಲ.

"ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿ, ಆಮ್ಯಾಲೆ ಸೆಲ್ಫ್ ಹೊಡಿ" ಎಂದರು, ಕಣ್ಣು ತೆರೆಯದೆ.

ಹಾಗೆ ಮಾಡಿದೆ. ಕೆಮ್ಮಿ, ಕುಲುಕಿ, ಹಿಂದಿನಿಂದ ಕರಿ ಹೊಗೆ ಉಗುಳಿ ಇಂಜಿನ್ ಹಿಡಿಯಿತು. ಪಾರ್ಕಿಂಗಿನ ಕಾವಲುಗಾರ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ನನ್ನ ಮೂಗಿಗೂ ಬಂತು, ಹಸಿ ಪೆಟ್ರೋಲಿನ ವಾಸನೆ. ಪಕ್ಕಕ್ಕೆ ತಿರುಗಿ ಇವರ ಮುಖ ನೋಡಿದೆ. ಅವರ ಹುಬ್ಬು ಅಲುಗಲಿಲ್ಲ. ಇಪ್ಪತ್ತೆರಡು ವರ್ಷ ಪೆಟ್ರೋಲ್ ಗಾಡಿಗಳ ಕೆಲಸ ಮಾಡಿದ ಮನುಷ್ಯ. ಬಾಗಿಲು ತೆರೆದ ಕೂಡಲೇ ಮೂಗಿನಿಂದಲೇ ಗಾಡಿಯ ದೋಷ ಹೇಳುತ್ತಾರೆಂದು ವಾಸ್ಕೊದ ಗ್ಯಾರೇಜುಗಳಲ್ಲಿ ಹೆಸರಾಗಿದ್ದವರು. ಅವರೇ ಸುಮ್ಮನಿದ್ದಾರೆಂದರೆ ವಾಸನೆ ಹೊರಗಿನದ್ದಿರಬೇಕು ಅಂದುಕೊಂಡೆ.

ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ತಿಳಿದವರ ಮುಂದೆ ಬಾಯಿ ತೆರೆಯುವ ಮುಂಚೆ ಮೂರು ಸಲ ಯೋಚಿಸು ಅಂತ. ನಾನು ಮೂರು ಸಲ ಯೋಚಿಸುತ್ತೇನೆ. ಮೂರನೆಯ ಸಲಕ್ಕೆ ಮಾತು ಸತ್ತುಹೋಗಿರುತ್ತದೆ. ಅವತ್ತೂ ಹಾಗೇ ಆಯಿತು.

ನಮ್ಮ ಮನೆ ಸಡಾದಲ್ಲಿ, ವಾಸ್ಕೊ ಬಂದರಿನ ಮೇಲಿನ ಗುಡ್ಡದಲ್ಲಿ. ಹತ್ತಿರದ ಡಯಾಲಿಸಿಸ್ ಘಟಕದಲ್ಲಿ ಜಾಗ ಖಾಲಿ ಇರಲಿಲ್ಲ. ಸಿಕ್ಕಿದ್ದು ಮಡಗಾಂವಿನಲ್ಲಿ: ಸೋಮವಾರ, ಬುಧವಾರ, ಶುಕ್ರವಾರ, ಬೆಳಗಿನ ಏಳಕ್ಕೆ. ಮೊದಲು ಬಸ್ಸಿನಲ್ಲೇ ಹೋಗಿಬರುತ್ತಿದ್ದೆವು. ಒಂದು ದಿನ ವಾಪಸ್ಸು ಬರುವಾಗ ಬಿಪಿ ಇಳಿದು ಇವರು ಬಸ್ಸಿನ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದುಕೊಂಡರು. ಆಮೇಲೆ ನಾನು ನಲವತ್ತಾರನೆಯ ವಯಸ್ಸಿಗೆ ಡ್ರೈವಿಂಗ್ ಕಲಿತೆ, ಅವರೇ ಎಂದೋ ಹಳೆಯದಾಗಿ ಕೊಂಡು ರಿಪೇರಿ ಮಾಡಿಟ್ಟಿದ್ದ ಈ ಚಿಕ್ಕ ಗಾಡಿಯ ಮೇಲೆ. ಅದು ಹೋಗಬೇಕು, ನಾಲ್ಕು ತಾಸು ನಿಲ್ಲಬೇಕು, ಮತ್ತೆ ಚಾಲೂ ಆಗಿ ಅವರನ್ನು ಮನೆಗೆ ತರಬೇಕು. ನನಗೆ ಗಾಡಿಯಿಂದ ಬೇಕಾಗಿದ್ದು ಇಷ್ಟೇ.

ಶುಕ್ರವಾರ ಮತ್ತೆ ಅದೇ ಆಯಿತು. ಸೋಮವಾರ ಇನ್ನೂ ಹೆಚ್ಚು. ಡಾಕ್ಟರು ಹೇಳಿದ್ದಕ್ಕೆ ನಾನೊಂದು ನೋಟ್‌ಬುಕ್ಕಿನಲ್ಲಿ ಇವರ ತೂಕ ಬರೆದಿಡುತ್ತಿದ್ದೆ, ಡಯಾಲಿಸಿಸ್ಸಿಗೆ ಮುಂಚೆ ಎಷ್ಟು, ನಂತರ ಎಷ್ಟು. ಅದರ ಪಕ್ಕದಲ್ಲೇ ಪೆನ್ಸಿಲ್ಲಿನಿಂದ ಬರೆಯತೊಡಗಿದೆ: ಚಾವಿ ತಿರುಗಿಸಿದಾಗಿನಿಂದ ಇಂಜಿನ್ ಹಿಡಿಯುವವರೆಗೆ ಎಷ್ಟು ಎಣಿಸಿದೆ ಎಂದು. ಬೆಳಿಗ್ಗೆ ಮನೆಯಲ್ಲಿ ಎರಡು. ಪೆಟ್ರೋಲ್ ಹಾಕಿಸಿ ಹೊರಡುವಾಗ ಒಂದು. ನಾಲ್ಕು ತಾಸಿನ ನಂತರ ಹದಿನಾಲ್ಕು. ಮುಂದಿನ ಸಲ ಹತ್ತೊಂಬತ್ತು.

ಪ್ರತಿದಿನ ಬೆಳಿಗ್ಗೆ ಗಾಡಿಗೆ ಊದಬತ್ತಿ ಬೆಳಗಿ ಡ್ಯಾಶ್‌ಬೋರ್ಡಿನ ಚಿಕ್ಕ ಸ್ಟ್ಯಾಂಡಿಗೆ ಸಿಕ್ಕಿಸುವುದು ನಮ್ಮ ಮನೆಯ ರೂಢಿ. ಆ ವಾರ ನಾನು ಒಂದರ ಬದಲು ಎರಡು ಹಚ್ಚತೊಡಗಿದೆ. ಗಾಡಿಯಲ್ಲಿ ಪೆಟ್ರೋಲ್ ನಾರುತ್ತಿತ್ತು. ಡಯಾಲಿಸಿಸ್ ಆದವರಿಗೆ ಮೊದಲೇ ವಾಂತಿಯ ಕಾಟ. ವಾಸನೆ ಮುಚ್ಚಿದರೆ ಅವರಿಗೆ ಹಿತವಾಗುತ್ತದೆ ಎಂದು ನನ್ನ ಲೆಕ್ಕ. ಮಲ್ಲಿಗೆಯ ಊದಬತ್ತಿ, ಉದ್ದ ಕಡ್ಡಿಯದು.

ಗುಡ್ಡದ ಕೆಳಗಿನ ಗ್ಯಾರೇಜಿನ ಮಿಸ್ತ್ರಿ ಇವರ ಕೈಯಲ್ಲೇ ಕೆಲಸ ಕಲಿತವನು, ಬಾಗಲಕೋಟೆ ಕಡೆಯವನು. ಮುಂದಿನ ವಾರ ಅವನ ಬಳಿ ಒಯ್ದೆವು. ಬಾನೆಟ್ ತೆರೆದು, ಒಂದು ಸಲ ಚಾವಿ ತಿರುಗಿಸಿ, "ಪಂಪ್ ಹೋಗೇತ್ರಿ ಉಸ್ತಾದ್" ಎಂದ.

"ಪ್ರೆಶರ್ ಗೇಜ್ ಹಚ್ಚಿ ನೋಡಿದೇನ?" ಎಂದರು ಇವರು.

"ಗೇಜ್ ಯಾಕ್ರಿ? ಹದಿನೈದ ವರ್ಷದ ಪಂಪ್ ಐತಿ. ನಿಂತಾಗ ಪೆಟ್ರೋಲ್ ಹಿಂದ ಟ್ಯಾಂಕಿಗೆ ಇಳದ ಹೋಗತೈತಿ, ಪ್ರೆಶರ್ ಉಳಿಯಂಗಿಲ್ಲ. ಕಣ್ಣ ಮುಚ್ಚಿ ಹೇಳ್ತೇನಿ."

"ಕಣ್ಣ ಮುಚ್ಚಿ ಹೇಳೂದನ್ನ ನಾ ನಿನಗ ಕಲಿಸಿಲ್ಲ."

ಮಿಸ್ತ್ರಿ ನಕ್ಕು ನನ್ನ ಕಡೆ ತಿರುಗಿದ. "ನೋಡ್ರಿ ವೈನಿ, ಉಸ್ತಾದ್ರ ಬಾಯಿ ಇನ್ನೂ ಚಲೋ ಪ್ರೆಶರ್ ಹಿಡದೈತಿ."

ಇವರೂ ನಕ್ಕರು. ಮೊದಲಿನ ದಿನಗಳಾಗಿದ್ದರೆ ಗೇಜ್ ಹಚ್ಚಿಸದೆ ಬಿಡುತ್ತಿರಲಿಲ್ಲ. ಅವತ್ತು ನಿಂತಿರಲಾರದೆ ಹಳೇ ಟಯರಿನ ಮೇಲೆ ಕೂತುಬಿಟ್ಟರು. ಹಿಂದಿನ ಸೀಟು ಎತ್ತಿ, ಟ್ಯಾಂಕಿನೊಳಗಿನ ಪಂಪ್ ಬದಲಿಸಿದ್ದಾಯಿತು. "ಇನ್ನ ಮ್ಯಾಲೆ ಸೆಲ್ಫ್ ಹೊಡಿಯೂಕ ಮುಂಚೆ ಎರಡ ಸಲ ಚಾವಿ ಆನ್-ಆಫ್ ಮಾಡ್ರಿ ವೈನಿ, ಪಂಪ್ ಪ್ರೆಶರ್ ತುಂಬಲಿ" ಎಂದು ಮಿಸ್ತ್ರಿ ಕಿವಿಮಾತು ಹೇಳಿದ. ಆ ಕಿವಿಮಾತೇ ನಮಗೆ ಮೋಸ ಮಾಡಿತು. ಎರಡು ಸಲ ಆನ್-ಆಫ್ ಮಾಡಿದ್ದಕ್ಕೆ ಬುಧವಾರ ಗಾಡಿ ಎಂಟು ಎಣಿಸುವಷ್ಟರಲ್ಲಿ ಹಿಡಿಯಿತು. ಗುಣವಾಯಿತು ಅಂದುಕೊಂಡೆವು. ಶುಕ್ರವಾರ ಹಿಡಿಯಲೇ ಇಲ್ಲ.

ಅವತ್ತು ಮೂವತ್ತರವರೆಗೆ ಎಣಿಸಿ ಎಣಿಕೆ ಬಿಟ್ಟೆ. ಬ್ಯಾಟರಿಯ ದನಿ ಇಳಿಯುತ್ತ ಬಂತು. ಇವರು ಸೀಟಿನಲ್ಲಿ ಬೆವರುತ್ತಿದ್ದರು. ಬೆವರು ಹಣೆಯ ಮೇಲಷ್ಟೇ ಇತ್ತು, ತುಟಿ ಒಣಗಿತ್ತು. ಸೂಜಿ ತೆಗೆದ ಕಡೆ ಕಟ್ಟಿದ್ದ ಪಟ್ಟಿಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿ ಅಂಗಿಯ ಗುಂಡಿಯಷ್ಟಾಯಿತು. ನಾನು ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಿಸ್ತ್ರಿಗೆ ಫೋನ್ ಮಾಡಿದೆ. ಅವನು ಬಂದು ಪ್ಲಗ್ ಬಿಚ್ಚಿ ಒರೆಸಿ ಗಾಡಿ ಚಾಲೂ ಮಾಡುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಬಿಚ್ಚಿದ ಪ್ಲಗ್ಗುಗಳು ಒಲೆಯ ಮೇಲಿನ ಮಸಿಯಂತೆ ಕಪ್ಪಗಿದ್ದವು. ಎರಡಂತೂ ಒದ್ದೆ.

"ನಂದ ತಪ್ಪಾತ್ರಿ ಉಸ್ತಾದ್" ಎಂದ ಮಿಸ್ತ್ರಿ. ಈ ಸಲ ನಗಲಿಲ್ಲ.

"ಗೇಜ್ ಕಳಸು. ನಾ ಮನ್ಯಾಗ ನೋಡ್ತೇನಿ" ಎಂದರು ಇವರು.

ರವಿವಾರ ಮಧ್ಯಾಹ್ನ ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿ ನಿಲ್ಲಿಸಿದೆ. ಇವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಡಯಾಲಿಸಿಸ್ಸಿಗೆಂದು ಶಸ್ತ್ರಕ್ರಿಯೆ ಮಾಡಿ ಜೋಡಿಸಿದ ರಕ್ತನಾಳ ಇರುವ ಎಡಗೈಯಿಂದ ಭಾರ ಎತ್ತುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಕೈ ಬೆರಳಿನಿಂದ ಮೊಣಕೈಯವರೆಗೆ ಜೋಮು ಹಿಡಿದಿದ್ದವು. ಉಬ್ಬಿದ ಆ ನಾಳ ಕಾಣಬಾರದೆಂದು ಅವರು ಸದಾ ಉದ್ದ ತೋಳಿನ ಅಂಗಿಯನ್ನೇ ಹಾಕುತ್ತಿದ್ದರು. ಹಾಗಾಗಿ ಅವರು ಹೇಳುವುದು, ನಾನು ಮಾಡುವುದು. ಒಂದು ಬಕೆಟ್ ಮರಳು, ನೆನೆಸಿದ ಗೋಣಿಚೀಲ ಮೊದಲೇ ತಂದಿಡಿಸಿದರು. ಅಷ್ಟು ಎಚ್ಚರದ ಮನುಷ್ಯ.

ಮೊದಲು ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆಸಿದರು. ಇಂಜಿನ್ ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿ ಇತ್ತು. ಯಾರೂ ಹಾಕದೆ ಎಣ್ಣೆ ಹೆಚ್ಚಾಗುವುದೆಂದರೆ! ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದರು. ತುಸು ಹೊತ್ತು ಹಾಗೇ ಹಿಡಿದಿದ್ದು ನನಗೆ ವಾಪಸ್ಸು ಕೊಟ್ಟರು. "ನೀ ನೋಡು."

ರಸಾಯನಶಾಸ್ತ್ರದ ಸಿಸ್ಟರ್ ನಮಗೆ ಅಮೋನಿಯಾದ ಸೀಸೆ ತೋರಿಸುವಾಗ, ಸೀಸೆಗೆ ಮೂಗು ತುರುಕಬೇಡಿ, ಕೈ ಬೀಸಿ ಗಾಳಿಯನ್ನು ಮೂಗಿನ ಕಡೆ ಕರೆಯಿರಿ ಎಂದು ಕಲಿಸಿದ್ದರು. ನಾನು ಹಾಗೇ ಮಾಡಿದೆ. "ಪೆಟ್ರೋಲ್ ವಾಸನಿ ಬರ್ತೈತ್ರಿ" ಎಂದೆ.

"ಹೂಂ" ಎಂದರು. ಅಷ್ಟೇ.

ಗೇಜ್ ಅಂದರೆ ಬಿಪಿ ನೋಡುವ ಯಂತ್ರದಂಥದೇ ಒಂದು ಗುಂಡು ಮುಖ, ಮುಳ್ಳು. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಸಾಯುವವರೆಗೆ ಓಡಿಸಿ, ಪೈಪಿನಲ್ಲಿದ್ದ ಒತ್ತಡ ಇಳಿಸಿದೆ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ನಡುವೆ ಹಿತ್ತಾಳೆಯ ಮೂರು ಬಾಯಿಯ ಜೋಡಣೆ ಕೂರಿಸಿ, ಒಂದು ಬಾಯಿಗೆ ಗೇಜ್ ಹಚ್ಚಿದೆ. ಕ್ಲಿಪ್ಪುಗಳನ್ನು ಬಿಗಿ ಮಾಡಿಸಿ, ಫ್ಯೂಸ್ ಹಾಕಿಸಿ, "ಚಾವಿ ಆನ್" ಎಂದರು. ಹಿಂದಿನ ಸೀಟಿನ ಕೆಳಗೆ ಹೊಸ ಪಂಪು ಎರಡು ಸೆಕೆಂಡು ಗುಂಯ್ ಎಂದಿತು. ಮುಳ್ಳು ಎದ್ದು ಮೂರರ ಗೆರೆಗೆ ನಿಂತಿತು.

"ಆಫ್ ಮಾಡು. ಗಡಿಯಾರ ನೋಡು."

ಅಡಿಗೆಮನೆಯ ಗಡಿಯಾರವನ್ನು ಗೋಡೆಯಿಂದ ಇಳಿಸಿ ತಂದಿದ್ದೆ. ಐದು ನಿಮಿಷಕ್ಕೆ ಮುಳ್ಳು ಒಂದಕ್ಕೆ ಇಳಿದಿತ್ತು. ಹನ್ನೆರಡನೆಯ ನಿಮಿಷಕ್ಕೆ ಸೊನ್ನೆ. ಮುಳ್ಳು ಇಳಿಯುವುದನ್ನು ಕಣ್ಣಲ್ಲಿ ಹಿಡಿಯಲಾಗುತ್ತಿರಲಿಲ್ಲ. ಬೇರೆ ಕಡೆ ನೋಡಿ ಮತ್ತೆ ನೋಡಿದಾಗ ಇಳಿದಿರುತ್ತಿತ್ತು. ಆಸ್ಪತ್ರೆಯ ಮಾನಿಟರಿನಲ್ಲಿ ಇವರ ಬಿಪಿ ಇಳಿಯುವುದೂ ಹಾಗೆಯೇ.

"ಇಷ್ಟರಾಗ ಯಾರ ತಪ್ಪು ಅಂತ ಹೇಳಾಕ ಬರೂದಿಲ್ಲ" ಎಂದರು. ದನಿಯಲ್ಲಿ ಹಳೆಯ ಉಸ್ತಾದ್ ಎದ್ದು ಕೂತಿದ್ದ. "ಹಿಂದ ಪಂಪಿನ ಕಡೆ ಇಳಿಯಾಕತ್ತೈತೋ, ಮುಂದ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಸೂ ಇಂಜೆಕ್ಟರಿನಾಗ ಸೋರಾಕತ್ತೈತೋ? ಹಿಂದಿನ ದಾರಿ ಬಂದ್ ಮಾಡು."

ಮತ್ತೆ ಚಾವಿ ಆನ್ ಮಾಡಿ ಮುಳ್ಳು ಮೂರಕ್ಕೇರಿದ ಕೂಡಲೇ, ಟ್ಯಾಂಕಿಗೂ ಗೇಜಿಗೂ ನಡುವಿನ ಪೈಪನ್ನು ಕ್ಲ್ಯಾಂಪಿನಿಂದ ಅಮುಕಿದೆ. ಹಿಂದಕ್ಕೆ ಇನ್ನು ಪೆಟ್ರೋಲ್ ಹೋಗುವಂತಿಲ್ಲ. ಕೀಲುಗಳ ಮೇಲೆಲ್ಲ ಬೆರಳಾಡಿಸಿದೆ, ಒಣಗಿದ್ದವು. ಆದರೂ ಹನ್ನೊಂದು ನಿಮಿಷಕ್ಕೆ ಮುಳ್ಳು ಸೊನ್ನೆ ಮುಟ್ಟಿತು.

"ಅಂದರ ಪಂಪಿಂದು ತಪ್ಪಿರಲಿಲ್ಲ" ಎಂದೆ.

"ಇರಲಿಲ್ಲ. ಇಂಜೆಕ್ಟರ್ ಬಾಯಿ ಮುಚ್ಚವಲ್ದು. ಗಾಡಿ ನಿಂತ ಮ್ಯಾಲೂ ಒಳಗ ಹನಿ ಬೀಳತಾವ. ಮುಂಜಾನಿ ಥಂಡ ಇಂಜಿನ್ನಿಗೆ ಹೆಚ್ಚಿನ ಪೆಟ್ರೋಲ್ ಬೇಕ, ಅದಕ್ಕ ಆವಾಗ ಗೊತ್ತಾಗಂಗಿಲ್ಲ. ಬಿಸಿ ಇಂಜಿನ್ನಿಗೆ ಅದ ವಿಷ. ಉಳದದ್ದು ಎಣ್ಣ್ಯಾಗ ಇಳದೈತಿ."

ನಾಲ್ಕರಲ್ಲಿ ಯಾವುದು ಸೋರುತ್ತಿದೆ ಎಂದು ನೋಡಬೇಕಿತ್ತು. ಇಂಜೆಕ್ಟರುಗಳ ವೈರು ಕಿತ್ತು, ಎರಡು ಬೋಲ್ಟು ಬಿಚ್ಚಿ, ನಾಲ್ಕನ್ನೂ ಹೊತ್ತ ಕೊಳವೆಯನ್ನು ಹಾಗೇ ಮೇಲಕ್ಕೆತ್ತಿದೆ. ಒತ್ತಡಕ್ಕೆ ಹಾರಿಬೀಳದಂತೆ ಒಂದೊಂದನ್ನೂ ತಂತಿಯಿಂದ ಕೊಳವೆಗೆ ಬಿಗಿದೆ. ಕೆಳಗೆ ಕಾಗದ ಹಾಸು ಎಂದರು ಇವರು. ಕಾಗದದ ಮೇಲೆ ಬಿದ್ದ ಪೆಟ್ರೋಲ್ ಆ ಬಿಸಿಲಿಗೆ ನೋಡುನೋಡುತ್ತಲೇ ಆರಿಹೋಗುತ್ತಿತ್ತು. ಆಗ ನನಗೆ ದೇವರ ಮನೆಯ ಡಬ್ಬಿ ನೆನಪಾಯಿತು. ನಾಲ್ಕು ಹೂಬತ್ತಿ ತಂದು, ನಾಲ್ಕು ಸ್ಟೀಲಿನ ವಾಟಿಗಳಲ್ಲಿಟ್ಟು, ಒಂದೊಂದು ಇಂಜೆಕ್ಟರಿನ ತುದಿಗೆ ಒಂದೊಂದು ತಾಗುವಂತೆ ಹಿಡಿಸಿದೆ.

ಇವರು ನನ್ನನ್ನೇ ನೋಡಿದರು. "ಇಪ್ಪತ್ತೆರಡ ವರ್ಷದಾಗ ನನಗ ಇದು ಹೊಳಿಲಿಲ್ಲ" ಎಂದರು. "ನಿನ್ನ ಗ್ಯಾರೇಜಿಗೆ ಕರಕೊಂಡ ಹೋಗಬೇಕಿತ್ತು, ಸುಮ್ನ ಅಡಿಗಿ ಮಾಡಸಿಕೋತ ಕುಂತೆ."

ಕ್ಲ್ಯಾಂಪ್ ಸಡಿಲಿಸಿ ಚಾವಿ ಆನ್, ಆಫ್. ಹತ್ತು ನಿಮಿಷ ಕಾದೆವು. ಎರಡನೆಯ ಮತ್ತು ನಾಲ್ಕನೆಯ ಬತ್ತಿ ಹಿಂಜಿದ ಹತ್ತಿಯಂತೆ ಹಗುರವಾಗಿ ನಿಂತಿದ್ದವು. ಒಂದನೆಯದರ ತಲೆ ಬಾಗಿತ್ತು. ಮೂರನೆಯದು ತೊಯ್ದು ವಾಟಿಯ ತಳಕ್ಕೆ ಅಂಟಿಕೊಂಡಿತ್ತು. ಸಿಕ್ಕಿತು! ಇಬ್ಬರೂ ಮಕ್ಕಳ ಹಾಗೆ ಹಿಗ್ಗಿದೆವು. ಆ ದಿನಗಳಲ್ಲಿ ನಾವು ಒಟ್ಟಿಗೆ ಸಂತೋಷಪಟ್ಟಿದ್ದು ಅದೊಂದೇ ಗಳಿಗೆ.

ಮತ್ತೆ ಫ್ಯೂಸ್ ತೆಗೆದು ಪೈಪ್ ಬಿಚ್ಚಿದೆ. ಇಂಜೆಕ್ಟರುಗಳಿದ್ದ ಕೊಳವೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇವರ ತೊಡೆಯ ಮೇಲಿಟ್ಟು, ವಾಟಿಗಳನ್ನು ದೂರ ಒಯ್ದು ಖಾಲಿ ಮಾಡಿ, ತೊಳೆಯಲು ಹಿತ್ತಲಿಗೆ ಹೋದೆ. ಸಂಜೆಯಾಗುತ್ತಿತ್ತು. ಕೈಗೆ ಎಷ್ಟು ಸೋಪು ಹಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ.

ಕುರ್ಚಿಯಲ್ಲಿ ಕೂತಿದ್ದ ಇವರು ಕೊಳವೆಯನ್ನು ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದರು. ಅದರೊಳಗೆ ಉಳಿದಿದ್ದ ಪೆಟ್ರೋಲ್ ಸೀರೆಯ ತುಂಡಿನಿಂದ ಇಳಿದು ಅವರ ಎಡ ತೋಳನ್ನು ಮೊಣಕೈಯವರೆಗೆ ತೋಯಿಸಿತ್ತು. ನೀಲಿ ಅಂಗಿ ಅಲ್ಲಿ ಕಪ್ಪಾಗಿ ಮೈಗೆ ಅಂಟಿತ್ತು. ಬಾಯಲ್ಲಿ ಏನೋ ಗುನುಗುತ್ತಿದ್ದರು. ಎಡಗೈಯಲ್ಲಿ ಊದಬತ್ತಿ. ಬಲಗೈಯಲ್ಲಿ ಕಡ್ಡಿಪೆಟ್ಟಿಗೆ, ಅದನ್ನು ಹೆಬ್ಬೆರಳಿನಿಂದ ತೆರೆಯುತ್ತಿದ್ದರು.

ನಾನು ಓಡಿದೆನೋ ಜಿಗಿದೆನೋ ನೆನಪಿಲ್ಲ. ಅವರ ಬಲಗೈಗೆ ಹೊಡೆದೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಕಡ್ಡಿಪೆಟ್ಟಿಗೆ ಹಾರಿ ಗಟಾರಕ್ಕೆ ಬಿತ್ತು.

"ಹುಚ್ಚ ಹಿಡದೈತೇನ ನಿನಗ?"

"ತೋಳ ನೋಡ್ಕೋರಿ ನಿಮ್ದು!"

ನೋಡಿಕೊಂಡರು. ಮುಟ್ಟಿಕೊಂಡರು. ಬೆರಳನ್ನು ಮೂಗಿಗೆ ಒಯ್ದರು, ಮತ್ತೆ ಒಯ್ದರು. ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು: ಇಂಜಿನ್ ಬಿಚ್ಚಿದ ದಿನ ಕೆಲಸ ಮುಗಿದ ಮೇಲೆ ಅದಕ್ಕೆ ಊದಬತ್ತಿ ಬೆಳಗಬೇಕು, ಆದರೆ ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲಷ್ಟೇ ಕಡ್ಡಿ ಗೀರಬೇಕು. ಕೈಕೆಳಗಿನ ಎಲ್ಲರಿಗೂ ಅವರೇ ಈ ನಿಯಮ ಕಲಿಸಿದವರು. ಅವತ್ತೂ ಅವರು ನಿಯಮ ಮೀರಿರಲಿಲ್ಲ. ಅವರ ಮೂಗಿಗೆ ವಾಸನೆ ಇರಲಿಲ್ಲ.

ಅಂಗಿ ಬಿಚ್ಚಿಸಿ, ಕೈ ತೊಳೆದು, ಒಳಗೆ ಕೂರಿಸಿದ ಮೇಲೆ ಕೇಳಿದೆ. "ಯಾವಾಗಿಂದ?"

"ಆರ ತಿಂಗಳಾತು. ಡಯಾಲಿಸಿಸ್ ಚಾಲೂ ಆಗೂಕಿಂತ ಮುಂಚೇನ ಕಡಿಮಿ ಆಕ್ಕೋತ ಬಂತು. ಈಗ ಏನೂ ಇಲ್ಲ."

"ಹೇಳಬೇಕಿತ್ತಲ್ರಿ."

"ಏನಂತ ಹೇಳ್ಲಿ? ಕೈ ಹೋತು, ಕಾಲ ಹೋತು, ಈಗ ಮೂಗೂ ಹೋತು ಅಂತನ?"

ಆರು ತಿಂಗಳು ನನ್ನ ಒಗ್ಗರಣೆಗೆ ಅವರು "ಭಾಳ ಚಲೋ ಆಗೈತಿ" ಎಂದದ್ದೆಲ್ಲ ನೆನಪಾಯಿತು. ಸೀದ ಹಾಲಿನ ಚಹಾವನ್ನು ತುಟಿಪಿಟಕ್ಕೆನ್ನದೆ ಕುಡಿದದ್ದೂ. ನಾನೂ ನನ್ನದನ್ನು ಹೇಳಿದೆ: ವಾಸನೆ ನನಗೆ ಮೂರು ವಾರದಿಂದ ಬರುತ್ತಿತ್ತು, ನೀವು ಸುಮ್ಮನಿದ್ದಿರಿ ಎಂದು ನಾನೂ ಸುಮ್ಮನಿದ್ದೆ, ಎರಡೆರಡು ಊದಬತ್ತಿ ಹಚ್ಚಿದೆ. ಇಬ್ಬರೂ ಸೋರುವ ಗಾಡಿಯೊಳಗೆ ಕೆಂಡ ಇಟ್ಟುಕೊಂಡು ವಾರಕ್ಕೆ ಮೂರು ದಿನ ಮಡಗಾಂವಿಗೆ ಹೋಗಿಬಂದಿದ್ದೆವು.

ಆದರೆ ಮರುದಿನ ಸೋಮವಾರ. ಎರಡು ದಿನದ ಬಿಡುವಿನ ನಂತರ ಬರುವ ಸರದಿ ಅದು, ಮೈಯಲ್ಲಿ ನೀರು ತುಂಬಿ ಕಾಲು ಒತ್ತಿದರೆ ಕುಳಿ ಬೀಳುವ ದಿನ. ಏನೇ ಆದರೂ ಸೋಮವಾರ ತಪ್ಪಿಸಬೇಡಿ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

"ಹೊಳ್ಳಿ ಜೋಡಸೂಣು" ಎಂದರು ಇವರು. "ಇಷ್ಟ ದಿವಸ ಹೋಗಿಲ್ಲೇನು? ಊದಬತ್ತಿ ಹಚ್ಚೂದ ಬ್ಯಾಡ, ಮುಗೀತು. ನಾಳಿ ಒಂದ ದಿವಸ."

ನಾನು ಮೂರು ಸಲ ಯೋಚಿಸಿದೆ. ಇಂಜಿನ್ ಎಣ್ಣೆಯಲ್ಲೂ ಪೆಟ್ರೋಲ್ ಇತ್ತು. ಅವರು ಸೀಟ್ ಬೆಲ್ಟ್ ತಾವಾಗಿ ಬಿಚ್ಚಿಕೊಳ್ಳಲಾರರು. ಏನಾದರೂ ಹೊತ್ತಿಕೊಂಡರೆ ನಾನು ಇಳಿಯಬಲ್ಲೆ, ಅವರು ಇಳಿಯಲಾರರು. "ಬ್ಯಾಡ್ರಿ" ಎಂದೆ. ಹೋಗಿ ಬ್ಯಾಟರಿಯ ವೈರು ಬಿಚ್ಚಿ, ಸ್ಪ್ಯಾನರನ್ನು ಅಕ್ಕಿಯ ಡಬ್ಬಿಯೊಳಗೆ ಹಾಕಿಟ್ಟೆ.

ಟ್ಯಾಕ್ಸಿಯವರಿಗೆ ಫೋನ್ ಮಾಡಿದೆ. ಬೆಳಗಿನ ಜಾವ ಎಲ್ಲರಿಗೂ ವಿಮಾನ ನಿಲ್ದಾಣದ ಬಾಡಿಗೆ. ಕೊನೆಗೆ ಒಪ್ಪಿದ್ದು ಎದುರು ಮನೆಯ ಚಾಚಾ. ವಿಜಯಪುರದವರು, ದಿನಾ ಟೆಂಪೋದಲ್ಲಿ ಮಡಗಾಂವಿನ ಪೇಟೆಗೆ ಕಾಯಿಪಲ್ಲೆ ಒಯ್ಯುತ್ತಾರೆ.

"ಹತ್ತ ತಂಗಿ, ಹತ್ತು. ಉಸ್ತಾದ್, ಕೊತ್ತಂಬರಿ ಜೋಡಿ ಕುಂದರಾಕ ನಾಚಿಕಿ ಬ್ಯಾಡ. ನನ್ನ ಟೆಂಪೋದಾಗ ಇಂಜೆಕ್ಟರ್ ನೋಡಬ್ಯಾಡ್ರಿ ಮತ್ತ, ಇದು ಬರೇ ಅಲ್ಲಾನ ಮ್ಯಾಲೆ ಓಡತೈತಿ" ಎಂದು ಅವರು ಬಾಗಿಲು ತೆರೆದರು.

ಇವರು ನಗಲಿಲ್ಲ. ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. "ಮನಿ ಮುಂದ ಗಾಡಿ ಇಟ್ಟು..." ಎಂದು ಒಮ್ಮೆ ಅಂದು ನಿಲ್ಲಿಸಿದರು. ಕ್ಯಾಬಿನ್ನಿನ ತುಂಬ ಹಸಿ ಕೊತ್ತಂಬರಿಯ ಘಮ. ಅದು ಅವರಿಗಿಲ್ಲ ಎಂದು ಈಗ ನನಗೆ ಗೊತ್ತಿತ್ತು.

ವೆರ್ಣಾದ ಏರಿನಲ್ಲಿ ಒಂದು ಟ್ರೇಲರ್ ಅಡ್ಡ ನಿಂತಿತ್ತು. ಹಿಂದೆ ಮುಂದೆ ಹೋಗುವಂತಿಲ್ಲ. ನಾವು ಮುಟ್ಟಿದಾಗ ಎಂಟು ನಲವತ್ತು. ಹನ್ನೊಂದೂಕಾಲಿಗೆ ಅದೇ ಹಾಸಿಗೆಗೆ ಮುಂದಿನ ರೋಗಿಯ ಸರದಿ, ಅವರದೂ ನಾಲ್ಕು ತಾಸೇ. ಇವರಿಗೆ ಸಿಕ್ಕಿದ್ದು ಎರಡೂವರೆ ತಾಸು. ನೋಟ್‌ಬುಕ್ಕಿನಲ್ಲಿ ಆ ದಿನದ ತೂಕ ಇಳಿಯಬೇಕಾದಷ್ಟು ಇಳಿದಿಲ್ಲ.

ಮಂಗಳವಾರ ರಾತ್ರಿ ಹತ್ತು ಗಂಟೆಗೆ ಅವರು ಗೋಡೆಗೆ ಆನಿಕೊಂಡು, ಮಲಗಲಾರದೆ, ಬಾಯಿ ತೆರೆದು ಉಸಿರೆಳೆಯತೊಡಗಿದರು. ಎದೆಯೊಳಗೆ ಹುಕ್ಕಾದಂಥ ಸದ್ದು. ಅಂಬ್ಯುಲೆನ್ಸಿನಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದ ಅವರ ಬೆರಳುಗಳ ಗುರುತು ಎರಡು ದಿನ ಉಳಿದಿತ್ತು. ಪುಪ್ಪುಸದಲ್ಲಿ ನೀರು ಎಂದರು ಡಾಕ್ಟರು. ಐದು ದಿನ ಒಳಗೆ ಇಟ್ಟುಕೊಂಡರು. ಗದಗಿನಿಂದ ಇವರ ಅಕ್ಕ ಫೋನ್ ಮಾಡಿದರು. "ಗಾಡಿ ಮನಿ ಮುಂದ ಇತ್ತಂತ. ಜೋಡಸೂಣು ಅಂದನಂತ. ನೀನ ಸ್ಪ್ಯಾನರ್ ಮುಚ್ಚಿಟ್ಟೆಂತಲ್ಲ, ಭಾಳ ಶಾಣ್ಯಾಕಿ ಆಗೀ?"

ಹೊತ್ತಿಕೊಳ್ಳದ ಬೆಂಕಿಯನ್ನು ಯಾರಿಗೆ ತೋರಿಸಲಿ? ಪುಪ್ಪುಸದ ನೀರಂತೂ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

ಆ ಐದು ದಿನಗಳಲ್ಲಿ ಮಿಸ್ತ್ರಿ ಇಂಜೆಕ್ಟರುಗಳನ್ನು ಮಡಗಾಂವಿನಲ್ಲಿ ಪರೀಕ್ಷೆಯ ಯಂತ್ರದ ಮೇಲೆ ಹಚ್ಚಿಸಿಕೊಂಡು ಬಂದ. ಹೂಬತ್ತಿ ಹೇಳಿದ್ದು ನಿಜವೇ ಆಗಿತ್ತು: ಒಂದು, ಮೂರು ಹನಿಯುತ್ತಿದ್ದವು. ನಾಲ್ಕನೆಯದು ಮುಚ್ಚುತ್ತಿತ್ತು, ಆದರೆ ಒಡೆದ ಶವರಿನಂತೆ ಒಂದೇ ಕಡೆ ಚಿಮ್ಮುತ್ತಿತ್ತು. "ತೊಳದು ಹಾಕೂಣೇನ್ರಿ ವೈನಿ?" ಎಂದು ಕೇಳಿದ. "ತೊಳದರ ಸವದದ್ದು ಬೆಳೀತೈತೇನ್ರಿ?" ಎಂದೆ. ನಾಲ್ಕೂ ಹೊಸವು ತರಿಸಿದೆವು.

ಜೋಡಿಸುವ ದಿನ ಮಿಸ್ತ್ರಿಯನ್ನು ಪಕ್ಕಕ್ಕೆ ನಿಲ್ಲಿಸಿ ನಾನೇ ಕೈ ಹಾಕಿದೆ. ಇಂಜೆಕ್ಟರುಗಳ ಹೊಸ ರಬ್ಬರ್ ಓ-ರಿಂಗುಗಳಿಗೆ ಒಂದೊಂದು ಹನಿ ಇಂಜಿನ್ ಆಯಿಲ್ ಸವರಿ, ತಿರುಚದೆ ನೇರ ಒತ್ತಿ ಕೂರಿಸಿದೆ. ಬಳೆ ತೊಡಿಸುವಾಗ ಕೈ ಎಷ್ಟು ಒತ್ತುತ್ತದೋ ಅಷ್ಟೇ. ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿದೆವು, ಗಂಜಿಯಷ್ಟು ತೆಳ್ಳಗಿತ್ತು. ಹೊಸದು ಹಾಕಿ, ಗೇಜ್ ಹಚ್ಚಿ ಚಾವಿ ಆನ್ ಮಾಡಿ ಆಫ್ ಮಾಡಿದೆ. ಮೂರು. ಅಡಿಗೆಮನೆಯ ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅರ್ಧ ತಾಸಿನ ಮೇಲೂ ಮುಳ್ಳು ಎರಡೂ ಮುಕ್ಕಾಲಿನಲ್ಲೇ ಇತ್ತು. ಫೋನಿನಲ್ಲಿ ಚಿತ್ರ ತೆಗೆದುಕೊಂಡು ಆಸ್ಪತ್ರೆಗೆ ಒಯ್ದೆ.

ಆಕ್ಸಿಜನ್ ಮುಖವಾಡ ಸರಿಸಿ ಇವರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಕ್ಲ್ಯಾಂಪ್ ತಗದು ನೋಡಿದೇನು?" ಎಂದರು.

"ಕ್ಲ್ಯಾಂಪ್ ಹಚ್ಚೇ ಇರಲಿಲ್ರಿ. ಎರಡೂ ದಾರಿ ತೆರದಿದ್ವು."

ತಲೆಯಾಡಿಸಿ ಮುಖವಾಡ ಹಾಕಿಕೊಂಡರು.

ಮನೆಗೆ ಬಂದವರು ಮೊದಲಿನಂತಾಗಲಿಲ್ಲ. ಹೃದಯವೂ ಸೋತಿದೆ ಎಂದಿದ್ದಾರೆ. ಈಗ ಎರಡು ಮೆಟ್ಟಿಲಿಗೆ ಒಮ್ಮೆ ನಿಲ್ಲುತ್ತಾರೆ. ಗಾಡಿ ಮಾತ್ರ ಪಾರ್ಕಿಂಗಿನಲ್ಲಿ ನಾಲ್ಕು ತಾಸು ನಿಂತರೂ ಒಂದಕ್ಕೇ ಹಿಡಿಯುತ್ತದೆ. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನ ಸಾಲು ನಿಂತುಹೋಗಿದೆ. ಡ್ಯಾಶ್‌ಬೋರ್ಡಿನ ಮೇಲೆ ಊದಬತ್ತಿಯ ಸ್ಟ್ಯಾಂಡ್ ಕಿತ್ತ ಜಾಗದಲ್ಲಿ ಅಂಟಿನ ದುಂಡನೆಯ ಗುರುತು ಉಳಿದಿದೆ.

ಈಗಿನ ರೂಢಿ ಬೇರೆ. ಹೊರಡುವ ಮುಂಚೆ ನಾನು ಬಾನೆಟ್ ತೆರೆದು, ಸಿಸ್ಟರ್ ಕಲಿಸಿದಂತೆ ಕೈ ಬೀಸಿ ಗಾಳಿ ಕರೆಯುತ್ತೇನೆ. ಬಂದು ಕೂತ ಮೇಲೆ ಇವರು ತಮ್ಮ ಎಡ ತೋಳನ್ನು ನನ್ನ ಮೂಗಿನ ಕಡೆ ಚಾಚುತ್ತಾರೆ. ಇದು ನಾವಿಬ್ಬರೂ ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ. "ಏನೈತಿ?" ಎನ್ನುತ್ತಾರೆ. "ಸೋಪಿಂದು, ಇಸ್ತ್ರೀದು" ಎನ್ನುತ್ತೇನೆ. "ಮತ್ತ?" ಎಂದರೆ ಹೊರಗಿನದೂ ಹೇಳುತ್ತೇನೆ: ಒಣಮೀನು, ಬಂದರಿನ ಕಲ್ಲಿದ್ದಲು, ಚಾಚಾನ ಟೆಂಪೋದ ಮೆಂತ್ಯ.

ಹೋದ ಸೋಮವಾರ ಅವರ ಸೀಟ್ ಬೆಲ್ಟ್ ಸಿಕ್ಕಿಸಲು ಬಾಗಿದಾಗ ಅವರ ಉಸಿರು ನನ್ನ ಮುಖಕ್ಕೆ ತಾಗಿತು. ಶಾಲೆಯ ಆ ಸೀಸೆಯ ವಾಸನೆ, ರಕ್ತದಲ್ಲಿ ವಿಷ ಏರಿದಾಗ ಬರುವಂಥದು ಎಂದು ಡಾಕ್ಟರು ಹೇಳಿದ್ದದ್ದು. ಕೈ ಬೀಸಿ ಕರೆಯಬೇಕಾಗಿಯೇ ಇರಲಿಲ್ಲ.

"ಏನೈತಿ ಇವತ್ತ?" ಎಂದು ತೋಳು ಚಾಚಿದರು.

ಮೂರು ಸಲ ಯೋಚಿಸಿದೆ. "ಅಂಗಿ ಚಲೋ ಐತ್ರಿ" ಎಂದೆ. "ನಿಮ್ಮ ಉಸಿರಿಗೆ ವಾಸನಿ ಬರಾಕತ್ತೈತಿ. ಅಮೋನಿಯಾದ್ದು. ಹೋದ ವಾರಕ್ಕಿಂತ ಜಾಸ್ತಿ."

ಅವರು ಅಂಟಿನ ಗುರುತನ್ನೇ ನೋಡುತ್ತಿದ್ದರು. ಚಾಚಿದ ತೋಳನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡರು.

"ಹಂಗಾರ ತಡಾ ಮಾಡಬ್ಯಾಡ" ಎಂದರು. "ಗಾಡಿ ತಗಿ."

ಚಾವಿ ತಿರುಗಿಸಿದೆ. ಒಂದು ಎಣಿಸುವುದರೊಳಗೆ ಹಿಡಿಯಿತು.